ತೂಕ ಇಳಿದಿಲ್ಲ, ಆದ್ರೂ ಏಳೋಕಾಗ್ತಿಲ್ಲ ಯಾಕೆ?
ಹಾರ್ಟ್ ಫೇಲ್ಯೂರ್‌ಗೆ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡದಿರೋದು) ಅಡ್ಮಿಟ್ ಆಗಿ ಬಂದ ನಿಮ್ಮ ತಂದೆಯವರ ತೂಕ ಇಳಿದಿಲ್ಲ, ಆದ್ರೂ ಕುರ್ಚಿಯಿಂದ ಏಳೋಕೆ ಕಷ್ಟ ಅಂದ್ರಿ. ಮೈಯಲ್ಲಿ ನೀರು ತುಂಬಿದ್ರೆ ಮಾಂಸಖಂಡ ಕರಗಿದ್ದು ತೂಕದಲ್ಲಿ ಕಾಣೋದೇ ಇಲ್ಲ ಸರ್. ನೀರು ಸೇರ್ತಿದೆಯಾ ಅಂತ ತಿಳಿಯೋಕೆ ದಿನಾ ತೂಕ ನೋಡಲೇಬೇಕು. ಬಲ ಅಳೆಯೋಕೆ ಅದು ಸಾಲದು.

ಬರೀ ಗಂಜಿ, ಬ್ರೆಡ್ಡಲ್ಲಿ ದಿನ ತಳ್ಳಬೇಡಿ (ನಮ್ಮಲ್ಲಿ ಎಲ್ಲರೂ ಮಾಡೋದು ಇದನ್ನೇ). ಮೊಟ್ಟೆ, ಮೊಸರು, ಬೇಳೆ ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಿ. ಉಪ್ಪಿನಕಾಯಿ, ಹಪ್ಪಳ ಬೇಡ. ಕಿಡ್ನಿ ತೊಂದರೆ ಇದ್ರೆ ಪ್ರೋಟೀನ್ ಎಷ್ಟು ಅಂತ ಡಾಕ್ಟರನ್ನೇ ಕೇಳಿ.

ಮುಖ್ಯವಾಗಿ ಫಿಸಿಯೋಥೆರಪಿ. 2021ರಲ್ಲಿ ಪ್ರಕಟವಾದ ಅಮೆರಿಕದ ರಿಹ್ಯಾಬ್-ಎಚ್‌ಎಫ್ ಅಧ್ಯಯನದಲ್ಲಿ ಹಾರ್ಟ್ ಫೇಲ್ಯೂರ್‌ಗೆ ಅಡ್ಮಿಟ್ ಆಗಿದ್ದ, 60 ದಾಟಿದ 349 ರೋಗಿಗಳಿದ್ರು. ಬಲ, ಸಮತೋಲನ, ನಡಿಗೆಯ ಅಭ್ಯಾಸ ಮಾಡಿಸಿದವರ ಓಡಾಟ 3 ತಿಂಗಳಿಗೆ ಉಳಿದವರಿಗಿಂತ ಚೆನ್ನಾಗಿತ್ತು. ಮತ್ತೆ ಅಡ್ಮಿಟ್ ಆಗೋದು ಮಾತ್ರ ಅಷ್ಟೇನೂ ತಗ್ಗಲಿಲ್ಲ.