ಕೋವಿಯ ಮರಕ್ಕೆ ಹೊಸ ಪಾಲಿಶ್ ಹಾಕುವ ಮುಂಚೆ ಹಳೇ ಎಣ್ಣೆ ಇಳಿಸಿ

ಅಣ್ಣ, ಮೂಡಿಗೆರೆಯಿಂದ ನೀವು ಹಾಕಿರುವ ಫೋಟೋ ನೋಡಿದೆ. ತಂದೆಯವರ ಕಾಲದ ಜೋಡುನಳಿಗೆ ಕೋವಿ, ಮರವೆಲ್ಲ ಅಂಟಂಟು, ಕಬ್ಬಿಣ ಸೇರುವ ಜಾಗ ಇದ್ದಿಲಿನ ಬಣ್ಣ. ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಟಚ್‌ವುಡ್ ಅನ್ನೋ ಮರದ ಪಾಲಿಶ್ ಹೊಡೆದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಸ್ಯಾಂಡ್‌ಪೇಪರ್ ಸದ್ಯಕ್ಕೆ ದೂರ ಇಡಿ.

ಅಂಟು ಬರ್ತಿರೋದು ಹಳೇ ಪಾಲಿಶ್‌ನಿಂದ. ಅದನ್ನು ತೆಗೆಯೋದು ಸುಲಭ. ಕಪ್ಪು ಆಗಿರೋದು ಮರ ಕುಡಿದ ಕೋವಿ ಎಣ್ಣೆಯಿಂದ, ಕಷ್ಟ ಇರೋದು ಅಲ್ಲಿ. ನಮ್ಮ ಮಳೆಗಾಲಕ್ಕೆ ಹೆದರಿ ಎಲ್ಲರೂ ನಳಿಗೆಗೆ ಧಾರಾಳವಾಗಿ ಎಣ್ಣೆ ಸುರಿಯುತ್ತಾರೆ. ಚುನಾವಣೆ ಬಂತು ಅಂದರೆ ಠಾಣೆಗೆ ಒಪ್ಪಿಸುವ ಮುಂಚೆ ಇನ್ನೊಂದು ಸಲ ಸುರಿಯುತ್ತಾರೆ. ಆಮೇಲೆ ಕೋವಿ ವಾರಗಟ್ಟಲೆ ಗೋಡೆಗೆ ಒರಗಿ ನೆಟ್ಟಗೆ ನಿಂತಿರುತ್ತದೆ. ಎಣ್ಣೆ ಮೆಲ್ಲಗೆ ಕೆಳಗಿಳಿದು, ಕಬ್ಬಿಣಕ್ಕೆ ಮರ ತಾಗುವ ಜಾಗದಲ್ಲಿ ನಿಲ್ಲುತ್ತದೆ. ಅಲ್ಲಿ ಮರದ ಅಡ್ಡ ಕೊಯ್ದ ಮುಖ ಇರೋದರಿಂದ ಬೇಗ ಹೀರಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ನಾರು ಮೆತ್ತಗಾಗುತ್ತದೆ. ಈಡು ಹೊಡೆದಾಗಲೆಲ್ಲ ಕಬ್ಬಿಣ ಹಿಂದಕ್ಕೆ ಒತ್ತಿ ಅಲ್ಲೇ ಬಿರುಕು ಬಿಡುತ್ತದೆ. ಇದರ ಮೇಲೆ ಎಷ್ಟು ಟಚ್‌ವುಡ್ ಹೊಡೆದರೂ ಹಿಡಿಯಲ್ಲ.

ಮೊದಲು ಕೋವಿಯೊಳಗೆ ತೋಟಾ (ಗುಂಡು) ಇಲ್ಲ ಅಂತ ಎರಡು ಸಲ ಖಾತ್ರಿ ಮಾಡಿಕೊಂಡು ಮರ ಬಿಚ್ಚಿ. ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಕೈ ಹಾಕಲೇಬೇಡಿ. ಆಚಾರಿ ಹತ್ತಿರ ಮಾಡಿಸೋದಾದರೆ ಮರ ಮಾತ್ರ ಕೊಡಿ. ಲೈಸೆನ್ಸ್ ಇಲ್ಲದವರ ಕೈಯಲ್ಲಿ ಕೋವಿ ಬಿಟ್ಟು ಬರಬೇಡಿ. ಕಬ್ಬಿಣದ ಮೇಲಿನ ನಂಬರ್‌ಗೆ ಉಜ್ಜುಕಾಗದ ತಾಗಿಸಲೇಬಾರದು. ಅದನ್ನು ಅಳಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ.

ಹಳೇ ಪಾಲಿಶ್ ಯಾವುದು ಅಂತ ತಿಳಿಯಲು ಬಟ್ಟಿನ (ಹೆಗಲಿಗೆ ಒರಗಿಸುವ ಹಿಂಬದಿಯ ಮರದ) ತುದಿಯ ತಟ್ಟೆ ಬಿಚ್ಚಿ, ಅದರ ಅಂಚಿನಲ್ಲಿ ಹತ್ತಿಯಿಂದ ಸ್ವಲ್ಪ ಪಾಲಿಶ್ ಸ್ಪಿರಿಟ್ ಉಜ್ಜಿ. ಕರಗಿ ಹತ್ತಿಗೆ ಅಂಟಿದರೆ ಅರಗಿನ ಪಾಲಿಶ್, ಸ್ಪಿರಿಟ್‌ನಲ್ಲೇ ಪೂರ್ತಿ ಬರುತ್ತದೆ. ಕರಗದಿದ್ದರೆ ಥಿನ್ನರ್ ನೋಡಿ, ಲ್ಯಾಕರ್ ಆದರೆ ಅದರಲ್ಲಿ ಬಿಡುತ್ತದೆ. ಎರಡಕ್ಕೂ ಜಗ್ಗದಿದ್ದರೆ ವಾರ್ನಿಷ್ ಅಥವಾ ಒಣಗಿ ಗಟ್ಟಿಯಾದ ಅಗಸೆ ಎಣ್ಣೆ. ಆಗ ಪೇಂಟ್ ರಿಮೂವರ್ ಬೇಕು. ಕೈಗವಸು, ಕನ್ನಡಕ ಹಾಕಿ, ಹೊರಗೆ ಗಾಳಿಯಲ್ಲೇ ಮಾಡಿ. ಮೆತ್ತಗಾದ ಪಾಲಿಶ್ ಒರೆಸೋಕೆ ಗೋಣಿಚೀಲದ ತುಂಡಿಗಿಂತ ಒಳ್ಳೇದು ಬೇರೆ ಇಲ್ಲ, ನಮ್ಮಲ್ಲಿ ಅದಕ್ಕೆ ಬರವೂ ಇಲ್ಲ. ಹಿಡಿತಕ್ಕೆ ಕೆತ್ತಿದ ಚೌಕುಳಿ ಗೆರೆಗಳಿಗೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಕಾಸ್ಟಿಕ್ ಸೋಡಾ ಬೇಡ. ವಾಲ್‌ನಟ್ ಮರ ಕಪ್ಪಾಗುತ್ತದೆ, ನಾರೂ ಹಾಳಾಗುತ್ತದೆ.

ಈಗ ಎಣ್ಣೆ ಇಳಿಸುವ ಕೆಲಸ. ಹಾರ್ಡ್‌ವೇರ್ ಅಂಗಡಿಯ ಚಾಕ್ ಪೌಡರನ್ನು ಅಸಿಟೋನ್‌ನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಕಪ್ಪು ಜಾಗಕ್ಕೆ ದಪ್ಪವಾಗಿ ಮೆತ್ತಿ ಬಿಸಿಲಿಗಿಡಿ. ಅಸಿಟೋನ್ ಒಳಗಿನ ಎಣ್ಣೆಯನ್ನು ತೆಳುಮಾಡುತ್ತದೆ, ಪುಡಿ ಅದನ್ನು ಎಳೆದುಕೊಳ್ಳುತ್ತದೆ. ಒಣಗುತ್ತಾ ಬಂದಂತೆ ಬೆಳ್ಳಗಿದ್ದ ಪುಡಿ ಅಂಚಿನಿಂದ ಹಳದಿ ತಿರುಗಿ, ಮಧ್ಯದಲ್ಲಿ ಕಂದು ಕಲೆ ಏಳುತ್ತದೆ. ಆ ಕಲೆಯೇ ನಿಮ್ಮ ಹಳೇ ಎಣ್ಣೆ. ಬ್ರಷ್‌ನಿಂದ ಉದುರಿಸಿ ಮತ್ತೆ ಹೊಸದಾಗಿ ಮೆತ್ತಿ. ಪುಡಿ ಬೆಳ್ಳಗೇ ಒಣಗುವವರೆಗೂ ಬಿಡಬೇಡಿ, ಹಳೇ ಕೋವಿಗೆ ಸುಮಾರು ಸಲ ಬೇಕಾಗುತ್ತದೆ. ಅಸಿಟೋನ್ ಆವಿಗೆ ದೂರದ ಕಿಡಿಯಿಂದಲೂ ಬೆಂಕಿ ಹತ್ತುತ್ತದೆ. ಒಲೆ, ಬೀಡಿ, ಹೇರ್ ಡ್ರೈಯರ್ ಯಾವುದೂ ಹತ್ತಿರ ಬೇಡ. ಇದಕ್ಕೆಲ್ಲ ಕುಯ್ಲು ಮುಗಿದ ಮೇಲಿನ ಬಿಸಿಲು ಒಳ್ಳೇದು. ಜುಲೈನಲ್ಲಿ ಶುರು ಮಾಡಿದರೆ ಏನೂ ಒಣಗಲ್ಲ.

ಎಣ್ಣೆ ಹೋದ ಮೇಲೆ, ಅಸಿಟೋನ್ ವಾಸನೆ ಪೂರ್ತಿ ಆರಿದ ಮೇಲೆ, ತಗ್ಗುಗಳನ್ನು ನೋಡಿ. ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆಗೆ ನಾರು ಉಬ್ಬಿ ತಗ್ಗು ಮೇಲೆ ಬರುತ್ತದೆ. ನಾರು ತುಂಡಾಗಿದ್ದರೆ ಬರಲ್ಲ, ಬಿಡಿ, ಅದು ತಂದೆಯವರ ಕಾಲದ ಗುರುತು. ಎದ್ದ ನಾರನ್ನು 320 ನಂಬರ್ ಉಜ್ಜುಕಾಗದದಿಂದ ಮೆಲ್ಲಗೆ ಸವರಿ. ಕಬ್ಬಿಣ ಸೇರುವ ಅಂಚಿಗೆ ಮಾತ್ರ ಹೋಗಬೇಡಿ. ಅಲ್ಲಿ ಮರ ಕಬ್ಬಿಣಕ್ಕಿಂತ ಕೂದಲೆಳೆ ಎತ್ತರ ಇರಬೇಕು. ಒಮ್ಮೆ ತಗ್ಗಿತು ಅಂದರೆ ವಾಪಸ್ ಬರಲ್ಲ, ಕೋವಿಯ ಬೆಲೆಯೂ ಹೋಯಿತು.

ಮೇಲೆ ಹಚ್ಚೋಕೆ ನನ್ನ ಆಯ್ಕೆ ಡಬಲ್ ಬಾಯ್ಲ್ಡ್ ಲಿನ್ಸೀಡ್ ಆಯಿಲ್, ಅಂದರೆ ಬೇಗ ಒಣಗುವ ಅಗಸೆ ಎಣ್ಣೆ. ತೆಳುವಾಗಿ ಹಚ್ಚಿ, ಅಂಗೈ ಬಿಸಿಯಾಗುವಷ್ಟು ಉಜ್ಜಿ, ಸ್ವಲ್ಪ ಹೊತ್ತು ಬಿಟ್ಟು ಹೆಚ್ಚಾದದ್ದು ಒರೆಸಿ. ಪೂರ್ತಿ ಒಣಗದೆ ಮುಂದಿನ ಕೈ ಬೇಡ. ಕಬ್ಬಿಣ ಕೂರುವ ಒಳಮುಖಕ್ಕೂ ಮರೆಯದೆ ಹಚ್ಚಿ, ಆಗ ಕೋವಿ ಎಣ್ಣೆ ಮತ್ತೆ ಅಷ್ಟು ಸುಲಭವಾಗಿ ಇಳಿಯಲ್ಲ. ಒರೆಸಿದ ಬಟ್ಟೆಯನ್ನು ಮುದುಡಿ ಗೋಣಿಚೀಲದ ಪಕ್ಕ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬಟ್ಟೆಗೆ ಬೆಂಕಿ ಹತ್ತುತ್ತದೆ. ನೀರಲ್ಲಿ ನೆನೆಸಿಡಿ, ಇಲ್ಲಾಂದರೆ ಹೊರಗೆ ಬಿಡಿಸಿ ಹರಡಿ ಒಣಗಿಸಿ.

ಇನ್ನು ಮುಂದೆ ನಳಿಗೆಗೆ ಎಣ್ಣೆ ಹಚ್ಚಿದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಬೀರುವಿನಲ್ಲಿ ನಳಿಗೆ ಕೆಳಮುಖ ಮಾಡಿ ನಿಲ್ಲಿಸಿ. ಅಂದಹಾಗೆ, ಫೋಟೋದಲ್ಲಿ ಕಬ್ಬಿಣದ ಬಾಲದ (ಮರದೊಳಗೆ ಕೂರುವ ಹಿಂಬದಿಯ ಪಟ್ಟಿಯ) ಹಿಂದೆ ಸಣ್ಣ ಗೆರೆ ಕಾಣ್ತಿದೆ. ಎಣ್ಣೆ ಇಳಿದ ಮೇಲೆ ಅದು ಬಿರುಕೋ, ಬರೀ ಮರದ ಗೆರೆಯೋ ಸ್ಪಷ್ಟವಾಗುತ್ತದೆ. ಅಲ್ಲಿವರೆಗೆ ಈಡು ಹೊಡೆಯಬೇಡಿ. ಹಗಲು ಬೆಳಕಲ್ಲಿ ಹತ್ತಿರದಿಂದ ಇನ್ನೊಂದು ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.