ಮಂಡ್ಯದಲ್ಲಿ ಪ್ರೋಬ್ ಹಾಕಿ ಮೈಸೂರಿನ ಕಾನ್‌ಫೋಕಲ್‌ಗೆ ಒಯ್ದರೆ ಆಗುತ್ತಾ?

ಕೋಶಗಳೊಳಗಿನ ಹೈಡ್ರೋಜನ್ ಸಲ್ಫೈಡ್ ನೋಡೋಕೆ ಎಸ್‌ಎಫ್7-ಎಎಂ ಅನ್ನೋ ಪ್ರೋಬ್ (ಸಲ್ಫೈಡ್ ಸಿಕ್ಕರೆ ಹಸಿರಾಗಿ ಹೊಳೆಯೋ ಬಣ್ಣ) ಹಾಕಿಕೊಂಡು ಬಸ್ಸಲ್ಲಿ ಮೈಸೂರಿನ ಕಾನ್‌ಫೋಕಲ್‌ಗೆ (ಲೇಸರ್ ಸೂಕ್ಷ್ಮದರ್ಶಕ) ಬರ್ತೀನಿ, ದಾರಿಯಲ್ಲಿ ಕೆಡದ ಪ್ರೋಬ್ ಯಾವುದು ಅಂತ ಕೇಳಿದ್ದೀರಿ. ನಾನೂ ಹಾಗೇ ಮಾಡಿದ್ದೆ. ಕೆಟ್ಟಿದ್ದು ಪ್ರೋಬ್ ಅಲ್ಲ.

ಪಾಸಿಟಿವ್ ಕಂಟ್ರೋಲ್‌ಗೆ (ಹೊಳಪು ಬರಲೇಬೇಕಾದ ಪರೀಕ್ಷೆ) ಅಂತ ಸೋಡಿಯಂ ಸಲ್ಫೈಡನ್ನು ಬೆಳಿಗ್ಗೆಯೇ ಪಿಎಚ್ 7.4ರ ಬಫರ್‌ನಲ್ಲಿ 1 ಮಿಲಿಮೋಲಾರ್‌ಗೆ ಕರಗಿಸಿ, ಅರ್ಧ ತುಂಬಿದ ಟ್ಯೂಬಿನಲ್ಲಿ ತಂದಿದ್ದೆ. ಡಿಶ್‌ಗೆ ಹಾಕಿದರೆ ಹೊಳಪು ಏರಲೇ ಇಲ್ಲ. ಏನೂ ಹಾಕದ ಕೋಶಗಳು ಮಾತ್ರ ಹಸಿರಾಗಿ ಹೊಳೀತಿದ್ವು. ಪ್ರೋಬ್ ಸರಿಯಿಲ್ಲ ಅಂದುಕೊಂಡು ಇನ್ನೊಂದು ವಯಲ್ ತರಿಸಿದೆ, ದುಡ್ಡು ದಂಡ.

ಆಗಿದ್ದು ಇಷ್ಟು. ಹೈಡ್ರೋಜನ್ ಸಲ್ಫೈಡಿನ ಪಿಕೆಎ (ಅರ್ಧ ಅಯಾನಾಗಿ, ಅರ್ಧ ಹಾಗೇ ಇರೋ ಪಿಎಚ್) ಸುಮಾರು 7. ಹಾಗಾಗಿ 7.4ರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಅನಿಲವಾಗಿ ಏಳಬಲ್ಲ ರೂಪದಲ್ಲೇ ಇರುತ್ತೆ. ಅದು ಟ್ಯೂಬಿನ ಖಾಲಿ ಜಾಗಕ್ಕೆ ಎದ್ದು ಹೋದಷ್ಟೂ ಅಯಾನು ಮತ್ತೆ ಅನಿಲವಾಗುತ್ತೆ, ಅದೂ ಏಳುತ್ತೆ. ಉಳಿದದ್ದನ್ನು ಗಾಳಿಯ ಆಮ್ಲಜನಕ ತಿನ್ನುತ್ತೆ. ನೀರಲ್ಲಿ ಲೋಹದ ಸೋಂಕಿದ್ದರೆ ಇನ್ನೂ ಬೇಗ. ಮೈಸೂರು ಮುಟ್ಟುವಾಗ ನನ್ನ ಕೈಯಲ್ಲಿದ್ದದ್ದು ಹೆಚ್ಚುಕಮ್ಮಿ ಬರೀ ಬಫರ್.

ಕೋಶಗಳು ಯಾಕೆ ಹೊಳೆದವು? ಈ ಪ್ರೋಬಿನಲ್ಲಿರೋದು ಅಜೈಡ್ ಗುಂಪು, ಬೆಳಕು ಬಿದ್ದರೆ ಸಲ್ಫೈಡ್ ಇಲ್ಲದೆಯೂ ಅದು ತಾನಾಗಿಯೇ ಒಡೆದು ಹೊಳಪು ಬರುತ್ತೆ. ಕಿಟಕಿ ಪಕ್ಕದ ಸೀಟು, ಫಾಯಿಲ್ ಸರಿದ ಡಿಶ್. ಜೊತೆಗೆ ಕೋಶದಲ್ಲಿ ಗ್ಲುಟಾಥಯೋನ್ (ಗಂಧಕವಿರೋ ಕೋಶದ್ದೇ ಅಣು) 1ರಿಂದ 10 ಮಿಲಿಮೋಲಾರ್ ಇರುತ್ತೆ, ಸಲ್ಫೈಡ್ ಅದರ ಮುಂದೆ ಏನೇನೂ ಅಲ್ಲ. ಗ್ಲುಟಾಥಯೋನ್ ಕೂಡ ಪ್ರೋಬ್ ಜೊತೆ ನಿಧಾನವಾಗಿ ವರ್ತಿಸುತ್ತೆ, ಪ್ರೋಬ್ ಸಲ್ಫೈಡನ್ನು ಆರಿಸಿಕೊಳ್ಳೋದು ವೇಗದ ವ್ಯತ್ಯಾಸದಿಂದ ಮಾತ್ರ. ಗಂಟೆಗಟ್ಟಲೆ ಬಿಟ್ಟರೆ ಆ ವ್ಯತ್ಯಾಸ ಅಳಿಸಿಹೋಗುತ್ತೆ.

ಆದ್ದರಿಂದ ದಾರಿ ತಡೆಯೋ ಪ್ರೋಬ್ ಹುಡುಕಬೇಡಿ, ಅಂಥದ್ದು ಬೇಕಾಗಿಯೂ ಇಲ್ಲ. ಕೋಶಗಳನ್ನಷ್ಟೇ ತನ್ನಿ: ಮೀಡಿಯಂಗೆ 25 ಮಿಲಿಮೋಲಾರ್ ಹೆಪೀಸ್ (ಪಿಎಚ್ ಹಿಡಿದಿಡೋ ಬಫರ್) ಸೇರಿಸಿ, ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ, ಥರ್ಮೋಕೋಲ್ ಡಬ್ಬಿಯಲ್ಲಿ 37 ಡಿಗ್ರಿಯ ನೀರಿನ ಬಾಟಲಿ ಜೊತೆಗಿಡಿ. ಬಂದಮೇಲೆ ಒಂದು ಗಂಟೆ ಇನ್‌ಕ್ಯುಬೇಟರ್‌ನಲ್ಲಿ ಸುಧಾರಿಸಿಕೊಳ್ಳಲಿ. ಪ್ರೋಬ್ ಹಾಕೋದು ಮೈಸೂರಲ್ಲೇ, ಕತ್ತಲಲ್ಲಿ: 2.5 ಮೈಕ್ರೋಮೋಲಾರ್, 37 ಡಿಗ್ರಿ, 30 ನಿಮಿಷ. ಫೀನಾಲ್ ರೆಡ್ (ಮೀಡಿಯಂನಲ್ಲಿರೋ ಪಿಎಚ್ ತೋರಿಸೋ ಬಣ್ಣ) ಇಲ್ಲದ ಬಫರ್‌ನಲ್ಲಿ ಎರಡು ಸಲ ತೊಳೆಯಿರಿ.

ಸಲ್ಫೈಡ್ ಹರಳು ಒಣಗಿದ್ದೇ ಬರಲಿ. ಬಣ್ಣವಿಲ್ಲದ್ದನ್ನು ಆರಿಸಿ, ಹಳದಿಯಾಗಿದ್ದರೆ ಪಾಲಿಸಲ್ಫೈಡ್ (ಗಂಧಕದ ಸರಪಳಿಗಳು) ಬೆರೆತಿದೆ ಅಂತ ಅರ್ಥ. ಸೋಡಿಯಂ ಸಲ್ಫೈಡ್ ನೊನಾಹೈಡ್ರೇಟ್ 24 ಮಿಲಿಗ್ರಾಂ ತೂಗಿ, ಆರ್ಗಾನ್ ಹಾಯಿಸಿದ 1 ಮಿಲಿಲೀಟರ್ ನೀರಿಗೆ ಹಾಕಿದರೆ 100 ಮಿಲಿಮೋಲಾರ್. ಡಿಶ್‌ನ ಪ್ರತಿ ಮಿಲಿಲೀಟರ್‌ಗೆ 1 ಮೈಕ್ರೋಲೀಟರ್ ಹಾಕಿ ತಕ್ಷಣ ಮುಚ್ಚಿ. ಕೆಲಸ ಫ್ಯೂಮ್ ಹುಡ್‌ನೊಳಗೇ ಆಗಲಿ, ಆಮ್ಲ ಹತ್ತಿರಕ್ಕೂ ಬೇಡ. ವಾಸನೆ ನಿಂತಿತು ಅಂತ ಧೈರ್ಯ ಮಾಡಬೇಡಿ, ಅನಿಲ ಹೆಚ್ಚಾದಾಗ ಮೂಗೇ ಸೋಲುತ್ತೆ.

ಪ್ರೋಬ್ ಹಾಕದ ಒಂದು ಡಿಶ್, ಕೋಶವಿಲ್ಲದೆ ಪ್ರೋಬ್ ಜೊತೆ 5 ಮಿಲಿಮೋಲಾರ್ ಗ್ಲುಟಾಥಯೋನ್ ಹಾಕಿದ ಇನ್ನೊಂದು, ಇವೆರಡೂ ಇಲ್ಲದೆ ಯಾವ ಚಿತ್ರವನ್ನೂ ನಾನು ನಂಬಲ್ಲ. ಫೋಕಸ್ ಬ್ರೈಟ್‌ಫೀಲ್ಡ್‌ನಲ್ಲೇ (ಸಾಮಾನ್ಯ ಬೆಳಕು) ಹುಡುಕಿ, ಆಮೇಲೆ 488 ನ್ಯಾನೋಮೀಟರ್ ಲೇಸರ್ ಒಂದೇ ಸಲ, ಎಲ್ಲ ಡಿಶ್‌ಗೂ ಒಂದೇ ಸೆಟ್ಟಿಂಗ್.