ಆಟದ ನಾಣ್ಯ 2147483647ಕ್ಕೇ ನಿಂತಿದ್ದೇಕೆ?

ಪ್ರಶ್ನೆ: ನನ್ನ ಮಗ ಒಂಬತ್ತನೇ ಕ್ಲಾಸು. ಮೊಬೈಲಿನ ಹಳೇ ಆಟವೊಂದರಲ್ಲಿ ಅವನ ನಾಣ್ಯಗಳ ಲೆಕ್ಕ 2147483647ಕ್ಕೆ ಬಂದು ನಿಂತುಬಿಟ್ಟಿದೆ. ಇದು ಅವಿಭಾಜ್ಯ ಸಂಖ್ಯೆ, ಅದಕ್ಕೇ ನಿಂತಿದೆ ಅಂತ ಅವನ ವಾದ. ನಿಜವಾ ಸರ್? ಇಷ್ಟು ದೊಡ್ಡದನ್ನು ಯಾರು ಭಾಗಿಸಿ ನೋಡಿದರು?

ಉತ್ತರ: ಮಗ ಹೇಳಿದ್ದು ಅರ್ಧ ಸರಿ. ಅವಿಭಾಜ್ಯ ಹೌದು, ಆದರೆ ಆಟ ನಿಂತಿದ್ದು ಅದಕ್ಕಲ್ಲ.

ಎಷ್ಟೋ ಪ್ರೋಗ್ರಾಮುಗಳು ಒಂದು ಪೂರ್ಣಾಂಕಕ್ಕೆ 32 ಬಿಟ್ ಜಾಗ ಕೊಡುತ್ತವೆ. ಬಿಟ್ ಅಂದರೆ 0 ಅಥವಾ 1 ಮಾತ್ರ ಹಿಡಿಸುವ ಮನೆ. ಪ್ಲಸ್ಸೋ ಮೈನಸ್ಸೋ ಎನ್ನುವುದಕ್ಕೇ ಒಂದು ಬಿಟ್ ಹೋಗುತ್ತದೆ. ಮಿಕ್ಕ 31ರಲ್ಲೂ 1 ತುಂಬಿದರೆ ಬರುವುದೇ ಈ 214 ಕೋಟಿ ಚಿಲ್ಲರೆ. ಅಂದರೆ 31 ಎರಡುಗಳನ್ನು ಗುಣಿಸಿ, 1 ಕಳೆದದ್ದು. ಹಳೇ ಸ್ಕೂಟರಿನ ಮೀಟರು 99999 ಮುಟ್ಟಿತಲ್ಲ, ಹಾಗೆ. ಇನ್ನೊಂದು ಕೂಡಿಸಿದರೆ ಸಾಮಾನ್ಯವಾಗಿ ಮೈನಸ್ 2147483648 ಆಗಿಬಿಡುತ್ತದೆ. ಆಟ ಬರೆದವರು ಜಾಣರಿರಬೇಕು, ಅಲ್ಲೇ ತಡೆದಿದ್ದಾರೆ. ಇಲ್ಲದಿದ್ದರೆ ನಿಮ್ಮ ಮಗ ಸಾಲಗಾರನಾಗುತ್ತಿದ್ದ!

ಇನ್ನು ಭಾಗಿಸಿದವರು. 1772ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಆಗ ಅವರ ಕಣ್ಣು ಬಹುತೇಕ ಹೋಗಿತ್ತು. ಸಂಖ್ಯೆಯೊಂದು ಭಾಗವಾಗುವಂಥದ್ದಾದರೆ ಅದರ ವರ್ಗಮೂಲದೊಳಗೇ ಒಂದು ಅವಿಭಾಜ್ಯ ಭಾಜಕ ಸಿಗಬೇಕು. ಇದರ ವರ್ಗಮೂಲ 46340ಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿಯವರೆಗೆ ಅವಿಭಾಜ್ಯಗಳೇ ನಾಲ್ಕು ಸಾವಿರಕ್ಕೂ ಹೆಚ್ಚಿವೆ. ಎಲ್ಲದರಿಂದ ಭಾಗಿಸುತ್ತ ಕೂತರೆ ಮುಗಿದ ಹಾಗೇ ಅಲ್ವಾ? ಆಯ್ಲರ್ ಮೊದಲು ಜರಡಿ ಹಿಡಿದರು. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದಾದರೂ ಇದ್ದರೆ, ಅದನ್ನು 31ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. 8ರಿಂದ ಭಾಗಿಸಿದರೆ 1 ಅಥವಾ 7. ಎರಡನ್ನೂ ಸೇರಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವಂಥವನ್ನು ಮಾತ್ರ ನೋಡಿದರೆ ಸಾಕು. ಅಂಥವು 372, ಅವುಗಳಲ್ಲೂ 249, 497ರಂಥವು ಅವಿಭಾಜ್ಯಗಳೇ ಅಲ್ಲ, ಬಿಟ್ಟುಬಿಡಬಹುದು. ಮೊದಲು ಸಿಗುವ ಅವಿಭಾಜ್ಯ 311. ಮಗನ ಕೈಲಿ ಪೆನ್ಸಿಲ್ ಕೊಟ್ಟು ಭಾಗಿಸಲು ಹೇಳಿ: ಭಾಗಲಬ್ಧ 6905092, ಶೇಷ 35. ಹೀಗೇ ಕೊನೆಯವರೆಗೂ ಯಾವುದರಲ್ಲೂ ಶೇಷ ಸೊನ್ನೆ ಆಗುವುದಿಲ್ಲ.

ಇದನ್ನು 2ರ 30ನೇ ಘಾತದಿಂದ ಗುಣಿಸಿದರೆ 2305843008139952128 ಬರುತ್ತದೆ. ಅದು 6 ಮತ್ತು 28ರ ಹಾಗೆ ಪರಿಪೂರ್ಣ ಸಂಖ್ಯೆ: ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳನ್ನು ಕೂಡಿದರೆ ತಾನೇ ಸಿಗುತ್ತದೆ. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಹುಡುಕಲಿಕ್ಕಿಲ್ಲ, ಇವು ಬರೀ ಕುತೂಹಲದವು, ಉಪಯೋಗವಿಲ್ಲ ಎಂದು 1811ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋ ಬರೆದಿದ್ದರು. ಪಾಪ! ದೊಡ್ಡವು ಆಮೇಲೆ ಎಷ್ಟೋ ಸಿಕ್ಕವು. ನಮ್ಮ ಸಂಖ್ಯೆಯಂತೂ ಕಂಪ್ಯೂಟರಿನಲ್ಲಿ ಕೆಲಸಕ್ಕೇ ಸೇರಿತು. ಒಂದು ಸಂಖ್ಯೆಯನ್ನು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷವನ್ನು ಮತ್ತೆ ಗುಣಿಸುತ್ತಾ ಹೋದರೆ, 1ರಿಂದ 2147483646ರವರೆಗಿನ ಎಲ್ಲವೂ ಚೆಲ್ಲಾಪಿಲ್ಲಿಯಾಗಿ ಒಂದೊಂದು ಸಲ ಬಂದ ಮೇಲೇ ಮೊದಲಿನದು ಮರಳುತ್ತದೆ. ದಾಳ ಉರುಳಿಸಿದಂತೆ ಸಂಖ್ಯೆ ಬೇಕಾದಾಗ ಈ ಉಪಾಯ ಬಹಳ ಕಾಲ ನಡೆಯಿತು.

ಹಾಗಾದರೆ ಬಿಟ್ಟುಗಳ ಮಿತಿ ಯಾವಾಗಲೂ ಅವಿಭಾಜ್ಯವೇ? ಇಲ್ಲ, ಇದು ಸುಮ್ನೆ ಕಾಕತಾಳೀಯ. 64 ಬಿಟ್‌ನ ಮಿತಿ 9223372036854775807. ಅದನ್ನು 7ರಿಂದ ಭಾಗಿಸಿ ನೋಡಲಿ ನಿಮ್ಮ ಮಗ, ಶೇಷವೇ ಉಳಿಯುವುದಿಲ್ಲ.